ಹುದುಲಿನಲ್ಲಿ ಒಂದು ಕಾಲು

ಪರಭಾಷೆಯ ಊರಿನಲ್ಲಿ ಬಾಳುವವರಿಗೆ ಕಿವಿಯ ಹಸಿವು ಎಂಬುದೊಂದು ಇರುತ್ತದೆ. ನಾಗಪುರದಲ್ಲಿ ನನ್ನ ಹೊಟ್ಟೆಗೆ ಏನೂ ಕೊರತೆಯಿಲ್ಲ. ಬೇಕಾದರೆ ಅಂಗಿಯ ಗುಂಡಿಗಳನ್ನು ಕೇಳಿ. ಕಿವಿ ಮಾತ್ರ ಉಪವಾಸ.

ಮೊನ್ನೆ ಮಗಳು ಸಾನಿಕಾ ಇಂಗ್ಲಿಷ್ ಪುಸ್ತಕ ಹಿಡಿದು ಬಂದು, "ಬಾಬಾ, ಕ್ವಾಗ್‌ಮೈರ್ ಅಂದ್ರ ಏನು?" ಎಂದಳು. ನನಗೆ ಹಿಗ್ಗೋ ಹಿಗ್ಗು. ಸಿವಿಲ್ ಲೈನ್ಸ್‌ನ ನಮ್ಮ ಕಚೇರಿಯ ಸಾಹೇಬರು ಮುಟ್ಟಲು ಮನಸ್ಸಿಲ್ಲದ ಫೈಲಿನ ಮೇಲೆಲ್ಲ ಬರೆಯುವ ಶಬ್ದವದು. ಒಣ ಕಾಗದದ ಮೇಲೆ ನನ್ನಷ್ಟು ಕೆಸರು ಕಂಡವರು ಯಾರಿದ್ದಾರೆ! "ಹುದುಲು" ಎಂದೆ. ಒಳಗಿನಿಂದ ನನ್ನ ಮೈಸೂರಿನ ಹೆಂಡತಿ, "ಜೌಗು ಅನ್ನಿ. ಮಗೂಗೆ ತಪ್ಪು ಹೇಳ್ಕೊಡ್ಬೇಡಿ" ಎಂದಳು. "ಜೌಗು ಅಂದ್ರ ಬರೇ ಹಸಿ ನೆಲ. ಹುದುಲು ಕಾಲು ನುಂಗತೈತಿ" ಎಂದು ನಾನು ಗದಗಿನ ಗತ್ತಿನಲ್ಲಿ ವಾದಕ್ಕಿಳಿದೆ. ಚಿಕ್ಕವನಿದ್ದಾಗ ನಮ್ಮೂರ ಕೆರೆಯಂಚಿನಲ್ಲಿ ಮೊಣಕಾಲವರೆಗೆ ಹೂತುಹೋಗಿದ್ದೆ. ಬಟ್ಟೆ ಒಗೆಯುತ್ತಿದ್ದ ಅವ್ವ ದಂಡೆಯಿಂದ ಕೂಗಿದ್ದಳು: "ಹುದುಲೈತಿ, ಒದ್ದ್ಯಾಡಬ್ಯಾಡ! ಸುಮ್ಮನ ನಿಂದ್ರು, ನಾ ಬರ್ತೀನಿ!" ಅವ್ವ ಈಗಿಲ್ಲ. ಆ ಶಬ್ದ ಆಡುವವರು ನಮ್ಮ ಪ್ರತಾಪ ನಗರದಲ್ಲಂತೂ ಯಾರೂ ಇಲ್ಲ. ಮಗಳ ಬಾಯಲ್ಲಿ ಒಮ್ಮೆಯಾದರೂ ಅದನ್ನು ಕೇಳಬೇಕೆಂದು ಜೀವ ಹಂಬಲಿಸಿತು. ಆ ಕಥೆಯನ್ನು ಅವ್ವನ ಕೂಗು, ಅಭಿನಯ ಸಮೇತ ಹೇಳಿ, ಸೋಫಾದಲ್ಲಿ ಹೂತುಹೋಗಿಯೂ ತೋರಿಸಿದೆ.

"ಅಚ್ಛಾ, ದಲದಲ್! ಸಮಜಲಂ" ಎಂದು ಹಿಂದಿ-ಮರಾಠಿಯಲ್ಲೇ ಅರ್ಥ ಮಾಡಿಕೊಂಡು ಎದ್ದು ಹೋದಳು.

ನಾನು ಸೋಲೊಪ್ಪಲಿಲ್ಲ. ಮಳೆ ನಿಂತ ಮೇಲೆ ಅವಳನ್ನು ಸ್ಕೂಟರಿನಲ್ಲಿ ಕರೆದೊಯ್ದು, ಕಟ್ಟಡ ಏಳುತ್ತಿದ್ದ ಸೈಟಿನ ಕೆಸರಿನ ಮುಂದೆ ನಿಲ್ಲಿಸಿ, "ಇದಕ್ಕ ಏನಂತಾರ, ಹೇಳು?" ಎಂದೆ. "ಖಡ್ಡಾ. ಜಲ್ದಿ ಚಲೋ ಬಾಬಾ, ಕ್ಲಾಸಿಗೆ ತಡ ಆಗತೈತಿ" ಎಂದಳು. ಅಲ್ಲಿಯೂ ನನಗೆ ಸಿಕ್ಕಿದ್ದು ಮರಾಠಿಯ ಗುಂಡಿಯೇ.

ಶನಿವಾರ, ಮಹಾಲ್ ಪೇಟೆಯ ಟೇಲರ್ ಹತ್ತಿರ ಹೆಂಡತಿಯ ರವಿಕೆ ತರುವುದನ್ನು ಮರೆತು ಬಂದೆ. ಅಂಗಡಿ ಮುಚ್ಚಿತ್ತು ಎಂದುಬಿಟ್ಟೆ.

"ಈಗ ತಾನೇ ಫೋನ್ ಮಾಡಿದ್ದೆ. ಬೆಳಗ್ಗೆಯಿಂದ ತೆಗ್ದೇ ಇದ್ಯಂತೆ."

"ಊಟಕ್ಕ ಮುಚ್ಚಿರಬೇಕು."

"ಅಲ್ಲೇ ಕೂತು ಊಟ ಮಾಡ್ತಾರೆ ಅವ್ರು."

"ಹಂಗಾದ್ರ ನಾ ಹೋಗಿದ್ದು ಬ್ಯಾರೆ ಟೇಲರ್ ಹತ್ರ..."

ಮಗಳು ಪುಸ್ತಕದಿಂದ ತಲೆಯೆತ್ತಲಿಲ್ಲ. "ಬಾಬಾ, ಹುದುಲೈತಿ. ಒದ್ದ್ಯಾಡಬ್ಯಾಡ. ಸುಮ್ಮನ ನಿಂದ್ರು."

ಥೇಟ್ ಅವ್ವನ ಧಾಟಿ! ನನ್ನ ಕಣ್ಣು ತುಂಬಿ ಬಂತು. ಹೆಂಡತಿ ಅದನ್ನು ಪಶ್ಚಾತ್ತಾಪವೆಂದೇ ತಿಳಿದು, "ಅಳೋದೇನೂ ಬೇಡ, ಹೋಗಿ ತನ್ನಿ" ಎಂದಳು. ಕುಣಿಯುತ್ತಲೇ ಹೊರಟೆ. ಸ್ಕೂಟರ್ ಹತ್ತಿದ ಮೇಲೆ ಹೊಳೆಯಿತು, "ನಾ ಬರ್ತೀನಿ" ಎಂಬ ಕೊನೆಯ ಮಾತನ್ನು ಮಾತ್ರ ಮಗಳು ಹೇಳಿರಲಿಲ್ಲ.