ಹಗೇವು ಸೇರಿದ ಆಲೂಗೆಡ್ಡೆ

ನೀಲಾಂಬಿಕೆ: ಇಲಿ ಸತ್ತದೆ, ಇಲಿ ಸತ್ತದೆ ಅಂತೀರಲ್ಲಾ, ಅಂಗಳದ ನಡುಮಧ್ಯೆ ನೆಲದೊಳಕ್ಕೋಗಿ ಸಾಯಾಕೆ ಇಲಿಗೇನು ಬಂದಿತ್ತು?

ವೀರಭದ್ರಸ್ವಾಮಿ: ಮೆಲ್ಲಗೆ ಮಾತಾಡೆ. ಬೀದೀಲಿ ಜನ ಅವ್ರೆ.

ನೀಲಾಂಬಿಕೆ: ಜನಕ್ಕೆ ಕಿವಿ ಒಂದೇ ಅಲ್ಲ, ಮೂಗೂ ಅದೆ!

ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅವಳು ಗಂಡನನ್ನು ದುರುಗುಟ್ಟಿ ನೋಡಿದಳು. ಅವನು ಹಗೇವಿನ ಚಪ್ಪಡಿಯ ಮೇಲೆ ಅಲುಗಾಡದೆ ಕೂತಿದ್ದ. ಮಿರ್ಲೆಯಲ್ಲಿ ನೆಲದೊಳಗಿನ ಹಗೇವಿಗೆ ಎಲ್ಲರೂ ರಾಗಿ ತುಂಬುತ್ತಾರೆ. ಈ ಮಹಾರಾಯ ಮುಂದಿನ ಬಿತ್ತನೆಗೆ ಇಟ್ಟಿದ್ದ ಆಲೂಗೆಡ್ಡೆ ತುಂಬಿ, ಗಾಳಿಯಾಡದಂತೆ ಮಣ್ಣು ಮೆತ್ತಿದ್ದ. ಮನೆಗೆ ಟ್ರಾನ್ಸಿಸ್ಟರ್ ರೇಡಿಯೊ ಬಂದಾಗಿನಿಂದ ಊರಿಗೆಲ್ಲ ಬುದ್ಧಿ ಹೇಳುವ ಗುತ್ತಿಗೆ ಅವನದೇ.

ವೀರಭದ್ರಸ್ವಾಮಿ: ರಾಗಿ ಅತ್ತು ವರ್ಸ ಕೆಡಾಕಿಲ್ಲ. ಗೆಡ್ಡೆ ನಾಕು ತಿಂಗ್ಳು ಇರಾಕಿಲ್ವಾ?

ನೀಲಾಂಬಿಕೆ: ರಾಗಿ ಒಣಕಾಳು. ಇದು ಅಸಿಗೆಡ್ಡೆ, ಉಸಿರಾಡ್ತದೆ ಕಣ್ರೀ. ಅತ್ತೆಮ್ಮ ಎಂದಾದ್ರೂ ಇಂಗೆ ಊತಿದ್ರಾ?

ವೀರಭದ್ರಸ್ವಾಮಿ: ನಮ್ಮವ್ವಂಗೇನು ಗೊತ್ತು?

ನೀಲಾಂಬಿಕೆ: ನಿಮ್ಮನ್ನ ಎತ್ತಿದ್ದೊಂದು ಬುಟ್ರೆ ಆ ತಾಯಿ ಬ್ಯಾರೆ ತಪ್ಪೇನೂ ಮಾಡ್ಲಿಲ್ಲ.

ಮೊಟ್ಟೆಗಾತ್ರದ ಗೆಡ್ಡೆಗಳನ್ನು ಬೆನ್ನು ಬಗ್ಗಿಸಿ ಆರಿಸಿದ್ದವಳು ಅವಳು. ತಮ್ಮ ಬಂದಾಗ ಪಲ್ಯಕ್ಕೆ ನಾಲ್ಕು ಕೇಳಿದರೆ "ಬಿತ್ತನೆದು, ಮುಟ್ಟಬೇಡ" ಎಂದು ಕೈ ತಡೆದವನು ಇವನು. ಬಿತ್ತನೆ ಹೋದರೆ ಈ ಸಲ ಹೊಲ ಬೀಳು ಎಂಬ ಯೋಚನೆಯೂ ಇವನಿಗಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಬಸವರಾಜು ಏದುಸಿರು ಬಿಡುತ್ತ ಬಂದ.

ಬಸವರಾಜು: ಸ್ವಾಮಣ್ಣ, ನೀನೇಳ್ದಂಗೇ ನಾನೂ ಗೆಡ್ಡೇನ ಅಗೇವಿಗೆ ತುಂಬಿದ್ದೆ.

ವೀರಭದ್ರಸ್ವಾಮಿ: ಕೇಳ್ದೇನೆ? ಊರೇ ನನ್ ಮಾತು ನಡೆಸ್ತದೆ!

ಬಸವರಾಜು: ಇವತ್ತು ಅದ್ರ ಬಾಯಿ ತೆಗ್ದೆ. ನಾತಕ್ಕೆ ಎಮ್ಮೆ ಅಗ್ಗ ಕಿತ್ಕೊಂಡು ಓಡೋಯ್ತು. ಕೆಟ್ರೆ ನಂದ್ರಲ್ಲೇ ಕೊಡ್ತೀನಿ ಅಂತ ಅರಳಿಕಟ್ಟೇಲಿ ಎಲ್ಲಾರ ಮುಂದೆ ಮಾತು ಕೊಟ್ಟಿದ್ದೆಯಲ್ಲಾ, ಕೊಡಣ್ಣ.

ವೀರಭದ್ರಸ್ವಾಮಿ: ನೀನು ಮಣ್ಣು ಸರ್ಯಾಗಿ ಮೆತ್ತಿಲ್ಲ ಕಣ್ಲಾ. ನಂದು ಚಿನ್ನದಂಗದೆ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ನೀಲಾಂಬಿಕೆ: ಚಿನ್ನ ಅಂತಾವ್ರಲ್ಲ ಬಸ್ವರಾಜು, ಎಲ್ಲಾನೂ ತಕ್ಕೊಂಡೋಗು. ಏಳ್ರೀ ಮೇಲೆ!

ವೀರಭದ್ರಸ್ವಾಮಿ ಏಳುತ್ತಲೇ ಬಸವರಾಜು ಚಪ್ಪಡಿಗೆ ಕೈ ಹಾಕಿದ. ಸಂದಿಯಿಂದ ಬಂದ ಗಬ್ಬಿಗೆ ಮೂವರೂ ಹಿಂದಕ್ಕೆ ಹಾರಿದರು.

ವೀರಭದ್ರಸ್ವಾಮಿ: (ತಲೆ ತಗ್ಗಿಸಿ) ಕೊಳ್ತೋಗದೆ ಕಣಪ್ಪ. ನಂದೇ ತಪ್ಪು. ಬಿತ್ತಾಕೆ ಒಂದು ಗೆಡ್ಡೆನೂ ಇಲ್ಲ.

ಇಷ್ಟು ಮಾತಿಗಾಗಿಯೇ ಕಾದಿದ್ದವಳಂತೆ ನೀಲಾಂಬಿಕೆ ನಕ್ಕಳು.

ನೀಲಾಂಬಿಕೆ: ಇವ್ರು ಅಗೇವಿಗೆ ತುಂಬೋ ಮುಂಚೇನೇ ಅರ್ಧ ಪಾಲು ತೆಗ್ದು ಅಟ್ಟದ ಮೇಲೆ ಮರಳಲ್ಲಿ ಅರವಿವ್ನಿ. ಒಳ್ಳೆ ಮೊಳಕೆ ಬಂದವೆ. ನಿಂಗೂ ಒಂದಷ್ಟು ಕೊಡ್ತೀನಿ ಬಾ, ಬಸ್ವರಾಜು.

ವೀರಭದ್ರಸ್ವಾಮಿ: ಅಯ್ಯೋ ಶಿವನೇ! ಮೊದ್ಲೇ ಯಾಕೇಳ್ಲಿಲ್ಲ?

ನೀಲಾಂಬಿಕೆ: ಏಳಿದ್ರೆ ಅವನ್ನೂ ಇಳಿಸಿ ಅಗೇವಿಗೇ ಸುರೀತಿದ್ರಿ.