ಗುಂಡಿಗೆ ಬಿದ್ದ ಗುಂಪು

ಟೈಲರಮ್ಮನಿಗೆ ಈ ಲೋಕದಲ್ಲಿ ಶತ್ರುಗಳು ಮೂವರೇ. ಮೂವರಿಗೂ ವಯಸ್ಸು ಹದಿನಾಲ್ಕು. ಒಬ್ಬಳು ಬಾಗಿಲಲ್ಲಿ ತಲೆ ಬಗ್ಗಿಸಿ ಬರುವ ಏಣಿ. ಇನ್ನೊಬ್ಬಳು ಉಸಿರು ಎಳೆದುಕೊಳ್ಳಲೂ ಮಾತು ನಿಲ್ಲಿಸದ ರೇಡಿಯೋ. ಮೂರನೆಯವಳು ಏನು ಕೇಳಿದರೂ ಮುಗುಳ್ನಕ್ಕು ಸುಮ್ಮನಾಗುವ ಗಪ್‌ಚುಪ್. (ಹೆಸರಿಟ್ಟವಳು ಟೈಲರಮ್ಮನೇ. ಅಳತೆ ತೆಗೆಯದೆ ಯಾರನ್ನೂ ಬಿಟ್ಟವಳಲ್ಲ.)

ಒಂಬತ್ತನೇ ಕ್ಲಾಸಿನ ತನ್ನ ಮಗಳನ್ನು ಈ ಮಹಾಮಂಡಳಿ ಹಾಳು ಮಾಡುತ್ತಿದೆ ಎನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಮ್ಮ ಮಾತಾಡಿಸಿದರೆ ‘ಹೂಂ’, ‘ಉಹೂಂ’ ಎರಡೇ ಉತ್ತರ. ಆ ಮೂವರು ಬಂದರೋ, ನಗು ಮೂರನೇ ಮನೆಗೆ ಕೇಳಬೇಕು!

“ಇವಳಿಗೆ ಆ ಮೂವರ ಸಹವಾಸ ಬಿಡಿಸ್ಬೇಕು ಕಣ್ರೀ,” ಎಂದಳು ಗಂಡನಿಗೆ.

ಗಂಡ ಅಗ್ನಿಶಾಮಕ ಠಾಣೆಯವನು, ಅಲ್ಲಿನ ಬ್ಯಾಂಡಿನಲ್ಲಿ ತುತ್ತೂರಿ ಊದುವವನು. ಊರ ಬೆಂಕಿಗೆಲ್ಲ ಮುನ್ನುಗ್ಗುವ ಆಸಾಮಿ ಮನೆಯ ಬೆಂಕಿಯಿಂದ ಮಾತ್ರ ಮಾರು ದೂರ. “ಬೈದ್ರೆ ಇನ್ನೂ ಅಂಟ್ಕೋತಾರೆ ಕಣೇ,” ಎಂದು ಜಾರಿಕೊಂಡ.

ಬೈಯುವುದು ಬೇಡ, ಉಪಾಯ ಮಾಡಿದರಾಯ್ತು! ಭಾನುವಾರ ಬ್ಯಾಂಡಿನ ಮೆರವಣಿಗೆ. ಇಪ್ಪತ್ನಾಲ್ಕು ಹೊಸ ಕೋಟುಗಳು ಅಂಗಡಿಯಲ್ಲಿ ಹೊಲಿದು ಸಿದ್ಧವಾಗಿದ್ದವು. ಗುಂಡಿ ಹಾಕುವುದಷ್ಟೇ ಬಾಕಿ. ಕೋಟಿಗೆ ಎಂಟು.

“ನಿನ್ನ ಗೆಳತಿಯರು ಧಾರಾಳವಾಗಿ ಬರ್ಲಿ,” ಎಂದಳು ಮಗಳಿಗೆ, ಜೇನು ಸುರಿಸುತ್ತ. “ಆದ್ರೆ ಹರಟೆ ಹೊಡೀಬೇಕಾದ್ರೆ ಕೈಯಲ್ಲಿ ಸೂಜಿ ಇರ್ಬೇಕು.”

ಎರಡು ಕೋಟು ಮುಗಿಯುವುದರೊಳಗೆ ಬೆರಳು ಚುಚ್ಚಿಸಿಕೊಂಡು ಮೂವರೂ ಮೂರು ದಿಕ್ಕಿಗೆ ಓಡುತ್ತಾರೆ ಎಂಬುದು ಅವಳ ಲೆಕ್ಕ.

ಶನಿವಾರ ಬೆಳಿಗ್ಗೆ ಬಂದರು. ಮೊದಲ ಗುಂಡಿಯನ್ನು ಟೈಲರಮ್ಮ ಎಳೆದು ನೋಡಿದಳು. ಕೈಗೇ ಬಂತು.

“ಇದು ಗುಂಡಿನೋ, ಗಾಳಿಪಟನೋ?”

“ಇನ್ನೊಂದ್ಸಲ ತೋರ್ಸಿ ಆಂಟಿ,” ಎಂದಳು ಏಣಿ, ಕೋಪವೇ ಇಲ್ಲದೆ.

ತೋರಿಸಿದಳು. ಮಧ್ಯಾಹ್ನದ ಹೊತ್ತಿಗೆ ರೇಡಿಯೋ ದಾರ ಪೋಣಿಸುತ್ತಿದ್ದಳು, ಏಣಿ ಗುರುತು ಹಾಕುತ್ತಿದ್ದಳು, ಮಗಳೂ ಗಪ್‌ಚುಪ್ಪೂ ಹೊಲಿಯುತ್ತಿದ್ದರು. ಓಡುವ ಲಕ್ಷಣ ಒಬ್ಬರಲ್ಲೂ ಇಲ್ಲ. ಟೈಲರಮ್ಮ ಪೆಚ್ಚಾಗಿ, ಸೀಮೆಸುಣ್ಣ ಹುಡುಕುವ ನೆಪದಲ್ಲಿ ಅಳತೆ ನೋಡುವ ಪರದೆಯ ಹಿಂದೆ ಹೋದಳು. ಅವಳು ಒಳಮನೆಗೆ ಹೋದಳೆಂದುಕೊಂಡ ರೇಡಿಯೋ ಶುರು ಮಾಡಿದಳು.

“ಲೇ, ಹೋದ ವರ್ಷದ ಚಿಂದಿ ಲಂಗದ ಕಥೆ ನೆನಪಿದ್ಯಾ?”

“ಶ್! ಅಮ್ಮಂಗೆ ಗೊತ್ತಿಲ್ಲ,” ಎಂದಳು ಮಗಳು.

ಟೈಲರಮ್ಮನ ಕಿವಿ ನೆಟ್ಟಗಾಯಿತು. ಆ ಲಂಗ ಅವಳ ಮಹಾಕೃತಿ! ಮಗಳು ಹೊಸ ಶಾಲೆಗೆ ಸೇರಿದಾಗ, ಶಾಲೆಯ ಪ್ರವಾಸಕ್ಕೆಂದು ಹನ್ನೊಂದು ಬಗೆಯ ತುಂಡುಬಟ್ಟೆ ಜೋಡಿಸಿ ಹೊಲಿದಿದ್ದಳು.

“ಬಸ್ಸಲ್ಲೆಲ್ಲಾ ‘ಚಿಂದಿ, ಚಿಂದಿ’ ಅಂತ ಕೂಗಿದ್ರಲ್ಲ,” ಎಂದಳು ರೇಡಿಯೋ. “ಇವಳು ಕೊನೇ ಸೀಟಲ್ಲಿ ಮುಖ ಮುಚ್ಕೊಂಡು ಅಳ್ತಿದ್ಳು. ಆಗಿನ್ನೂ ನಮಗೆ ಇವಳ ಹೆಸರೂ ಗೊತ್ತಿರ್ಲಿಲ್ಲ.”

“ಮಾರನೇ ದಿನ ನಾವು ಮೂರೂ ಜನ ಯೂನಿಫಾರಂಗೆ ತೇಪೆ ಹಾಕ್ಕೊಂಡು ಹೋದ್ವಿ,” ಏಣಿ ನಕ್ಕಳು. “ನಂದು ನಮ್ಮಪ್ಪನ ಪೈಜಾಮದ್ದು. ಹೆಡ್‌ಮಿಸ್ ಬಿಸಿಲಲ್ಲಿ ನಿಲ್ಸಿದ್ರು.”

“ಆ ಲಂಗ ನಂಗೆ ಈಗ್ಲೂ ಇಷ್ಟ ಕಣ್ರೇ,” ಎಂದಳು ಮಗಳು. “ಅಮ್ಮ ಎರಡು ವಾರ ಕೂತು ಹೊಲಿದಿದ್ಳು. ಗೊತ್ತಾದ್ರೆ ನೊಂದ್ಕೋತಾಳೆ.”

ಪರದೆಯ ಹಿಂದೆ ಸೀಮೆಸುಣ್ಣ ಪಟ್ಟನೆ ಮುರಿಯಿತು.

ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಅಂದರೆ ಇದೇ. ಟೈಲರಮ್ಮ ಹೊರಗೆ ಬಂದವಳೇ ಹುಡುಗಿಯರ ನಡುವೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. “ಸ್ವಲ್ಪ ಸರ್ಕೊಳ್ರೇ. ನಂಗೂ ಒಂದು ಸೂಜಿ ಕೊಡಿ.”

ಸಂಜೆ ದೀಪ ಹಾಕುವ ಹೊತ್ತಿಗೆ ನೂರ ತೊಂಬತ್ತೆರಡು ಗುಂಡಿಗಳೂ ಸ್ವಸ್ಥಾನ ಸೇರಿದ್ದವು.

ಭಾನುವಾರ ಮೆರವಣಿಗೆಯೋ ಮೆರವಣಿಗೆ! ಇಪ್ಪತ್ನಾಲ್ಕು ಕೆಂಪು ಕೋಟು, ಗುಂಡಿಗಳ ಮೇಲೆಲ್ಲ ಫಳಫಳ ಬಿಸಿಲು. ಜನ ಚಪ್ಪಾಳೆ ತಟ್ಟಿದರು. ಠಾಣೆಯ ಸಾಹೇಬರು ಟೈಲರಮ್ಮನಿಗೆ ದೂರದಿಂದಲೇ ಸಲ್ಯೂಟ್ ಹೊಡೆದರು. ಗಂಡ ಒಬ್ಬನೇ ತುತ್ತೂರಿ ಊದಲು ಮುಂದೆ ಬಂದ. ಎದೆ ತುಂಬ ಉಸಿರೆಳೆದ.

ಠಣ್!

ಅವನ ಕೋಟಿನ ಮೂರು ಗುಂಡಿಗಳು ಹಾರಿದವು. ಒಂದು ನೇರವಾಗಿ ದೊಡ್ಡ ಡೋಲಿಗೇ ಬಡಿಯಿತು. (ಅದೂ ಸರಿಯಾದ ತಾಳಕ್ಕೆ.) ಅಷ್ಟೂ ಕೋಟುಗಳಲ್ಲಿ ಅದೊಂದನ್ನು ಮಾತ್ರ ಟೈಲರಮ್ಮ, “ಇದಕ್ಕೆ ಅನುಭವದ ಕೈ ಬೇಕು,” ಎಂದು ಯಾರಿಗೂ ಕೊಡದೆ ತಾನೇ ಹೊಲಿದಿದ್ದಳು. ಆಗ ಕಣ್ಣು ಮಂಜಾಗಿ ಸೂಜಿಯೇ ಕಾಣುತ್ತಿರಲಿಲ್ಲ ಎಂದು ಈಗ ಯಾರ ಹತ್ತಿರ ಹೇಳುವುದು?

ಬ್ಯಾಂಡು ನಿಂತದ್ದೇ ತಡ, ಮೂವರು ಹುಡುಗಿಯರೂ ಸೂಜಿ ದಾರ ಹಿಡಿದು ಓಡಿ ಗಂಡನನ್ನು ಸುತ್ತುವರಿದರು.

“ಯಾರ ಮಕ್ಕಳಮ್ಮಾ ಇವರು?” ಪಕ್ಕದ ಹೆಂಗಸು ಕೇಳಿದಳು.

“ನಮ್ಮ ಗುಂಪು ಕಣ್ರೀ!” ಟೈಲರಮ್ಮ ಎದೆಯುಬ್ಬಿಸಿದಳು.

ಏಣಿ ಗುಂಡಿಯಿಂದ ಕಣ್ಣೆತ್ತಲಿಲ್ಲ. “ಇನ್ನೂ ಸೇರಿಸ್ಕೊಂಡಿಲ್ಲ ಆಂಟಿ. ಮೊದ್ಲು ದಾರಕ್ಕೆ ಗಂಟು ಹಾಕೋದು ಕಲೀರಿ.”

ಮಗಳು ಬಂದು ಅಮ್ಮನ ತೋಳಿಗೆ ತೋಳು ಸಿಕ್ಕಿಸಿ ನಿಂತಳು.

“ಶಿಫಾರಸು ನಾನು ಮಾಡ್ತೀನಿ ಬಿಡಮ್ಮ.”