ಹತ್ತೊಂಬತ್ತು ನಂಬರುಗಳು ಒಟ್ಟಿಗೆ ಒಳಬಂದ ದಿನ

ಇಪ್ಪತ್ತು ವರ್ಷ ಪತ್ರಿಕೆಗೆ ಬರೆದವನಿಗೆ ಪ್ರೋಗ್ರಾಂ ಬರೆಯುವುದು ಯಾವ ಮಹಾ ವಿದ್ಯೆ? ದಂತವೈದ್ಯೆಯಾದ ನನ್ನ ಹೆಂಡತಿ ಹೊಸ ಕ್ಲಿನಿಕ್ ತೆರೆಯುವ ಹಿಂದಿನ ವಾರ ನಾನು ಘೋಷಿಸಿಯೇಬಿಟ್ಟೆ: "ರೋಗಿಗಳನ್ನ ಕರೆಯೋಕೆ ಯಾರನ್ನೂ ಇಡೋದು ಬೇಡ. ನೀನು ಒಳಗೆ ಗುಂಡಿ ಒತ್ತು, ಹೊರಗಿನ ಸ್ಪೀಕರ್ ಕರೆಯುತ್ತೆ. ಪ್ರೋಗ್ರಾಂ ನಂದು!"

"ಮೊದಲನೇ ದಿನವೇ ನನ್ನ ಮರ್ಯಾದೆ ಕಳೀಬೇಡಿ."

"ಬರೆಯೋನು ಯಾರು ಅಂದ್ಕೊಂಡೆ?"

"ಅದಕ್ಕೇ ಹೇಳಿದ್ದು."

ಮನೆಯಲ್ಲಿ ಪರೀಕ್ಷೆ ಮಾಡಿ ತೋರಿಸಿದೆ. ಗುಂಡಿ ಒತ್ತಿದರೆ ಸಾಕು, "ನಂಬರ್ ಒಂದು, ಒಳಗೆ ಬನ್ನಿ" ಎಂಬ ಸಾಲು ನನ್ನ ಪರದೆಯ ಮೇಲೆ ಥಟ್ಟನೆ ಮೂಡುತ್ತಿತ್ತು. ಇಲ್ಲದ ಮೀಸೆಯನ್ನೂ ತಿರುವಿಕೊಂಡೆ!

ಸೋಮವಾರ ಒಂಬತ್ತಕ್ಕೆ ಹತ್ತೊಂಬತ್ತು ಜನ ನಂಬರಿನ ಚೀಟಿ ಹಿಡಿದು ಹೊರಗೆ ಕುಳಿತರು. ಹೆಂಡತಿ ಬಾಗಿಲು ಹಾಕಿಕೊಂಡು, ಕೈಗವಸು ತೊಟ್ಟು, ಗುಂಡಿ ಒತ್ತಿದಳು. ಸಾಲುಗಳು ಈಗ ನನ್ನ ಪರದೆಗೆ ಬಾರದೆ, ಅವನ್ನು ಓದಿ ಹೇಳುವ ಸ್ಪೀಕರಿಗೆ ನೇರವಾಗಿ ಹೋಗುವಂತೆ ತಿರುಗಿಸಿದ್ದೆ. ಹಿಂದಿನ ಕೋಣೆಯಲ್ಲಿ, ಆಗತಾನೆ ಪಟ್ಟವೇರಿದ ಅರಸನಂತೆ ಆಸೀನನಾಗಿದ್ದೆ.

ಹತ್ತು ಗಂಟೆಗೆ ಹೆಂಡತಿ ಎದುರು ನಿಂತಿದ್ದಳು.

"ಹತ್ತೊಂಬತ್ತು ಸಲ ಒತ್ತಿದೆ. ಒಂದು ನರಪಿಳ್ಳೆಯೂ ಬರ್ಲಿಲ್ಲ!"

"ನಿನ್ನ ಡ್ರಿಲ್ ಸದ್ದಿಗೆ ಓಡಿಹೋಗಿರ್ಬೇಕು."

"ಡ್ರಿಲ್ ಇನ್ನೂ ಶುರುವೇ ಮಾಡಿಲ್ಲ ಕಣ್ರೀ!"

ಬಾಗಿಲು ತೆರೆದು ಇಣುಕಿದೆವು. ಹತ್ತೊಂಬತ್ತು ಜನರೂ ಕೆನ್ನೆ ಹಿಡಿದುಕೊಂಡು ಅಲ್ಲೇ ಇದ್ದರು. ಸ್ಪೀಕರ್ ತುಟಿಪಿಟಕ್ಕೆಂದಿರಲಿಲ್ಲ. ಒಬ್ಬ ಅಜ್ಜಿ ಗೊಣಗುತ್ತಿದ್ದರು: "ಇನ್ನೂ ಒಬ್ಬರನ್ನೂ ಕರೆದಿಲ್ಲ. ಈ ಡಾಕ್ಟರಮ್ಮ ಒಳಗೆ ನಿದ್ದೆ ಹೊಡೀತಿದಾರೋ ಏನೋ!"

ಹೆಂಡತಿಯ ಮುಖ ಕೆಂಪಾಯಿತು. "ಒಂದೇ ನಿಮಿಷ," ಎಂದೆ, ಗಾಂಭೀರ್ಯ ಬಿಡದೆ. ಕಂಪ್ಯೂಟರಿನ ಸಕಲ ರೋಗಗಳಿಗೂ ಒಂದೇ ಮದ್ದು: ನಿಲ್ಲಿಸಿ ಮತ್ತೆ ಶುರುಮಾಡುವುದು. ಪ್ರೋಗ್ರಾಂ ನಿಲ್ಲಿಸಿದೆ.

ಕಟ್ಟೆ ಒಡೆಯಿತು! "ನಂಬರ್ ಒಂದು, ಒಳಗೆ ಬನ್ನಿ! ನಂಬರ್ ಎರಡು, ಒಳಗೆ ಬನ್ನಿ! ನಂಬರ್ ಮೂರು..." ಸ್ಪೀಕರ್ ಉಸಿರೆಳೆದುಕೊಳ್ಳದೆ ಹತ್ತೊಂಬತ್ತರವರೆಗೂ ಕೂಗಿತು. ಕರೆದರೂ ಬಾರದಿರಲು ಅವರೇನು ನಮ್ಮ ಮಕ್ಕಳೇ? ಅಷ್ಟೂ ಜನ ಎದ್ದು ಒಳನುಗ್ಗಿದರು. ಒಂದು ಕುರ್ಚಿ, ಹತ್ತೊಂಬತ್ತು ತೆರೆದ ಬಾಯಿ! ಇಪ್ಪತ್ತನೆಯದು ನನ್ನದು.

ಮಧ್ಯಾಹ್ನದವರೆಗೆ ಹೆಂಡತಿಯೇ ಬಾಗಿಲಲ್ಲಿ ನಿಂತು ಕೂಗಿ ಕರೆದಳು. ನಾನು ಕೈಪಿಡಿ ಜಾಲಾಡಿ, ಊಟದ ಹೊತ್ತಿಗೆ ಸಂಶೋಧನೆ ಮಂಡಿಸಿದೆ. "ಪರದೆಗಾದ್ರೆ ಪ್ರೋಗ್ರಾಂ ಒಂದೊಂದೇ ಸಾಲು ಕೊಡುತ್ತೆ. ಬೇರೆ ಕಡೆ ಕಳಿಸಿದ್ರೆ ಬಫರ್ ಅನ್ನೋ ಜಾಗದಲ್ಲಿ ತುಂಬಿಟ್ಕೊಳ್ಳುತ್ತೆ. ಅದು ಭರ್ತಿಯಾಗ್ಬೇಕು, ಇಲ್ಲ ಪ್ರೋಗ್ರಾಂ ಮುಗೀಬೇಕು, ಇಲ್ಲ ನಾವೇ ಫ್ಲಶ್ ಅಂತ ಆಜ್ಞೆ ಕೊಡ್ಬೇಕು; ಆಗ್ಲೇ ಅದು ಎಲ್ಲಾನೂ ಹೊರಗೆ ಬಿಡೋದು. ಬಹಳ ಗಹನವಾದ ವಿಷಯ. ನಿಂಗೆ ಅರ್ಥವಾಗಲ್ಲ ಬಿಡು."

"ಬಾಯಿ ಮುಕ್ಕಳಿಸೋಕೆ ನೀರು ಕೊಟ್ಟು 'ಉಗುಳಿ' ಅನ್ನೋದು ಮರೆತ್ರೆ, ರೋಗಿ ಕೆನ್ನೆ ಉಬ್ಬಿಸ್ಕೊಂಡೇ ಕೂತಿರ್ತಾನೆ. ಅಷ್ಟೇ ತಾನೇ?"

ಅಷ್ಟೇ. ಕರೆಯುವ ಸಾಲಿನ ಕೆಳಗೆ ಒಂದೇ ಒಂದು ಫ್ಲಶ್ ಸೇರಿಸಿದೆ.

ಮರುದಿನ ಸ್ಪೀಕರ್ ಒಬ್ಬೊಬ್ಬರನ್ನೇ ಮುತ್ತಿನಂತೆ ಕರೆಯಿತು. ಹೊಗಳಿಕೆ ಉದುರಿದರೆ ಹೆಕ್ಕಿಕೊಳ್ಳೋಣವೆಂದು ರೋಗಿಗಳ ನಡುವೆಯೇ ಕುಳಿತೆ. ನಿನ್ನೆಯ ಅಜ್ಜಿ ತಲೆದೂಗಿದರು: "ಇವತ್ತು ಎಷ್ಟು ಚೆನ್ನಾಗಿ ಕರೀತಿದೆ! ಯಾರಪ್ಪಾ ಸರಿಮಾಡಿದ್ದು?"

"ನಾನೇ ಅಜ್ಜಿ!" ಅಂಗಿಯ ಗುಂಡಿ ಕಿತ್ತುಬರುವಷ್ಟು ಎದೆಯುಬ್ಬಿತು.

"ಭೇಷ್! ಹಾಗಾದ್ರೆ ನಿನ್ನೆ ಕೆಡಿಸಿಟ್ಟಿದ್ದ ದಡ್ಡ ಯಾರು?"

ನಾನು ಕೆನ್ನೆ ಉಬ್ಬಿಸಿಕೊಂಡೇ ಕುಳಿತೆ. ಅರೆತೆರೆದ ಬಾಗಿಲಾಚೆಯಿಂದ ಹೆಂಡತಿಯ ದನಿ ಬಂತು:

"ಉಗುಳ್ರೀ!"